ಕಾಮವೆಂಬ ಎರಡು ಮುಖದ ಮಾತು

ಶಹಾಪುರದ ಸಮೀಪದ ಭೀಮರಾಯನಗುಡಿಯಲ್ಲಿ ಕಚೇರಿಗಳ ಬಾಗಿಲಲ್ಲಿಯೂ ಗುತ್ತಿಗೆದಾರರ ಬಾಯಲ್ಲಿಯೂ ಬಹಳವಾಗಿ ಬಳಕೆಯಾಗುವ ಮಾತೊಂದಿದ್ದರೆ ಅದು 'ಕಾಮಗಾರಿ'. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯೇ ಈ ಊರಿಗೆ ಕಾಲುವೆಯ ಕಚೇರಿಗಳನ್ನೂ ನೌಕರರ ವಸತಿಗಳನ್ನೂ ತಂದುಕೊಟ್ಟಿತು. ಊರಿಗೆ ಹೆಸರನ್ನಿತ್ತವನೋ ಭೀಮರಾಯ. ಈ ಸೀಮೆಯ ಆಡುಮಾತಿನಲ್ಲಿ ಭೀಮರಾಯ, ಬಲಭೀಮ ಎಂದರೆ ಬಹುಮಟ್ಟಿಗೆ ಹನುಮಂತನೇ; ಆಜನ್ಮ ಬ್ರಹ್ಮಚಾರಿ. ಬ್ರಹ್ಮಚಾರಿಯ ಊರಿನಲ್ಲಿ ಬೆಳಗಾದರೆ ಕಾಮದ ಮಾತೇ ಎಂದು ತುಂಟ ಹುಡುಗರು ನಗಬಹುದು.

ಆ ನಗೆಗೆ ಶಬ್ದಶಾಸ್ತ್ರದ ಬೆಂಬಲವಿಲ್ಲ. 'ಕಾಮಗಾರಿ'ಯಲ್ಲಿರುವ 'ಕಾಮ'ವು ಮರಾಠಿ, ಹಿಂದಿಗಳ 'ಕಾಮ್'. ಅದು ಪ್ರಾಕೃತದ 'ಕಮ್ಮ'ದಿಂದಲೂ, 'ಕಮ್ಮ'ವು ಸಂಸ್ಕೃತದ 'ಕರ್ಮ'ದಿಂದಲೂ ಬಂದುದು. ಮನ್ಮಥನಿಗೂ ಅದಕ್ಕೂ ಯಾವ ನಂಟೂ ಇಲ್ಲ. ನಿಜವಾದ ಕಾಮವು ಬಯಸು ಎಂಬರ್ಥದ 'ಕಮ್' ಧಾತುವಿನಿಂದ ಹುಟ್ಟಿದುದು. 'ಕಮನೀಯ'ವೂ ಅದೇ ಬಳ್ಳಿಯ ಹೂವು. ಬೇಡಿದ್ದನ್ನು ಕೊಡುವ ಹಸು ಕಾಮಧೇನು. ಹರಕೆ ಹೊತ್ತವನಿಗೆ ಸಲ್ಲುವುದು ಕಾಮಿತಾರ್ಥ. ಫಲವನ್ನು ಬಯಸಿ ಮಾಡುವ ವ್ರತ ಕಾಮ್ಯ. ಮಳೆ ನಿಂತು ಬಿಸಿಲು ಮೂಡಿದಾಗ ಮಕ್ಕಳು ಕೈತೋರಿ ಕುಣಿಯುವುದು ಕಾಮನಬಿಲ್ಲಿಗೆ. ಈ ಮಾತುಗಳನ್ನು ಮನೆಯ ಹಿರಿಯರೆದುರು ಆಡಲು ಯಾರೂ ಅಳುಕುವುದಿಲ್ಲ. ಆದರೆ ಬರಿಯ 'ಕಾಮ' ಎಂದೊಡನೆ ಪಡಸಾಲೆಯಲ್ಲಿ ಮೌನ ಕವಿಯುತ್ತದೆ. ಕುಲದ ಕೂಸುಗಳೆಲ್ಲ ಅಂಗಳದಲ್ಲಿ ಆಡುತ್ತಿರಲು ತಾಯಿಯೊಬ್ಬಳನ್ನು ಮಾತ್ರ ಒಳಕೋಣೆಯಲ್ಲಿ ಕೂಡಿಟ್ಟಂತೆ!

ಒಂದು ಮಾತಿಗೆ ಈ ಗತಿ ಒದಗಿದುದು ಕನ್ನಡದಲ್ಲಿ ಮಾತ್ರವಲ್ಲ. ಇಂಗ್ಲಿಷಿನ 'ಲಸ್ಟ್' ಎಂಬ ಮಾತಿಗೆ ಪೂರ್ವದಲ್ಲಿ ಸಂತೋಷ, ಅಭಿರುಚಿ ಎಂಬಷ್ಟೇ ಅರ್ಥವಿದ್ದಿತು. ಅದರ ಸೋದರಿಯಾದ ಜರ್ಮನ್ 'ಲುಸ್ಟ್' ಇಂದಿಗೂ ಸಜ್ಜನರ ಮಾತಿನಲ್ಲಿ ನಿರಾತಂಕವಾಗಿ ಓಡಾಡುತ್ತದೆ. ಕ್ರೈಸ್ತರ ಮತ್ತಾಯನ ಸುವಾರ್ತೆಯಲ್ಲಿ ಪರಸ್ತ್ರೀಯನ್ನು ಕೆಟ್ಟ ಬಯಕೆಯಿಂದ ನೋಡಿದವನು ಮನಸ್ಸಿನಲ್ಲಿಯೇ ವ್ಯಭಿಚಾರವೆಸಗಿದನೆಂದು ಯೇಸು ಹೇಳುತ್ತಾನಷ್ಟೆ. ಅಲ್ಲಿ ಬಳಕೆಯಾಗಿರುವ ಗ್ರೀಕ್ ಮಾತಿನ ಮೂಲದಿಂದಲೇ, ಶಿಷ್ಯರೊಡನೆ ಕಡೆಯ ಊಟ ಮಾಡಬೇಕೆಂಬ ತನ್ನ ಹಂಬಲವನ್ನೂ ಅವನು ಲೂಕನ ಸುವಾರ್ತೆಯಲ್ಲಿ ತೋಡಿಕೊಳ್ಳುತ್ತಾನೆ. ಪದ ಒಂದೇ, ಪಾಪವೋ ಪ್ರೀತಿಯೋ ಎಂಬುದನ್ನು ನಿರ್ಣಯಿಸುವುದು ಅದರ ಹಿಂದೆ ನಿಂತ ಮನಸ್ಸು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಉರ್ದುವಿನ ಪರಿಚಯ ಅನೇಕರಿಗುಂಟು. ಆ ಭಾಷೆ ಮಾತ್ರ ಜಾಣತನದಿಂದ ಎರಡು ಪಾತ್ರೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ: 'ಇಷ್ಕ್' ಒಂದು, 'ಹವಸ್' ಇನ್ನೊಂದು.

ಅಚ್ಚಗನ್ನಡವೇನು ಬಡವೆಯಲ್ಲ. ಹಳಗನ್ನಡದ ಕವಿಗಳಿಗೆ 'ಬೇಟ' ಎಂಬ ಸೊಗಸಾದ ಮಾತು ಕೈಗೆಟುಕುವಂತಿತ್ತು. ಒಲವು, ಬಯಕೆ, ವಿರಹದ ಉರಿ ಎಲ್ಲವೂ ಅದರಲ್ಲಿ ಅಡಕ. ನಾವು ಅದನ್ನು ಕಳೆದುಕೊಂಡೆವು. ಇಂದು 'ಬೇಟ' ಎಂದರೆ ಕೇಳಿದವನು 'ಬೇಟೆ'ಯೆಂದು ತಿಳಿದಾನು. ಹಳಬರು ಅದನ್ನು 'ಬೇಂಟೆ' ಎಂದು ಬಿಂದುವಿಟ್ಟು ಎರಡನ್ನೂ ದೂರದಲ್ಲಿರಿಸಿದ್ದರು. ಬೇಡ ನಾಯಕರು ಆಳಿದ ಸುರಪುರದ ನೆರೆಯಲ್ಲಿ ಬೇಟೆಗೆ ಮಾನವಿದ್ದುದು ಸಹಜವೇ. ಬೇಟವು ಮಾತ್ರ ನಿಘಂಟಿನ ಪಾಲಾಯಿತು. ಸೋಲುವುದೆಂದರೆ ಹಳಗನ್ನಡದಲ್ಲಿ ಯುದ್ಧದಲ್ಲಿ ಸೋಲುವುದೂ ಹೌದು, ಮೋಹಗೊಳ್ಳುವುದೂ ಹೌದು. ಇನ್ನು ಈ ಕಡೆಯ ಮನೆಮನೆಯಲ್ಲಿ ದಿನಕ್ಕೆ ಹತ್ತು ಬಾರಿ ಕೇಳುವ 'ಒಲ್ಲೆ' ಎಂಬ ನಿರಾಕರಣೆಯನ್ನೇ ನೋಡಿರಿ. ಅದು 'ಒಲ್' ಎಂಬ ಧಾತುವಿನ ನಿಷೇಧರೂಪ. 'ಒಲವು', 'ಒಲುಮೆ'ಗಳ ಒಡಹುಟ್ಟು. ಒಲಿಯುವ ಹಕ್ಕಿನ ಪಕ್ಕದಲ್ಲಿಯೇ ಒಲ್ಲೆನೆನ್ನುವ ಹಕ್ಕನ್ನೂ ಕನ್ನಡವು ಒಂದೇ ಬೇರಿನಲ್ಲಿ ಬೆಳೆಸಿತು. ಈ ಮಾತು ಮುಂದೆ ಕೀಚಕನ ಪ್ರಸಂಗದಲ್ಲಿ ಬೇಕಾಗುತ್ತದೆ.

ಮತವಿಚಾರಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಪುರುಷಾರ್ಥಗಳಲ್ಲಿ ಕಾಮವು ಮೂರನೆಯದು, ಮನುಷ್ಯನು ಗಳಿಸಬೇಕಾದುದು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಅರಿಷಡ್ವರ್ಗದಲ್ಲಿ ಅದೇ ಕಾಮವು ಮೊದಲನೆಯದು, ಮನುಷ್ಯನು ಗೆಲ್ಲಬೇಕಾದುದು. ಒಬ್ಬನ ಹೆಸರೇ ಆಪ್ತರ ಪಟ್ಟಿಯಲ್ಲಿಯೂ ಹಗೆಗಳ ಪಟ್ಟಿಯಲ್ಲಿಯೂ ಕಂಡರೆ ಯಾವ ಗೃಹಸ್ಥನು ಗಲಿಬಿಲಿಗೊಳ್ಳದಿರುವನು? ಋಗ್ವೇದದ ನಾಸದೀಯ ಸೂಕ್ತವಂತೂ ಸೃಷ್ಟಿಯ ಆದಿಯಲ್ಲಿ ಮೂಡಿದ ಮನಸ್ಸಿನ ಮೊದಲ ಬೀಜವೇ ಕಾಮವೆಂದಿತು. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ರಜೋಗುಣದಿಂದ ಹುಟ್ಟಿದ ಕಾಮವು ತಣಿಯದ ಶತ್ರು. ಏಳನೆಯ ಅಧ್ಯಾಯದಲ್ಲಿ ಧರ್ಮಕ್ಕೆ ವಿರೋಧವಲ್ಲದ ಕಾಮವು ಸಾಕ್ಷಾತ್ ತಾನೇ ಎನ್ನುತ್ತಾನೆ ಕೃಷ್ಣ. ಎರಡನ್ನೂ ಜತೆಯಾಗಿ ಓದದವರು ಗೀತೆಯನ್ನು ಅರ್ಧ ಓದಿದವರು. ಬೌದ್ಧರು ದುಃಖದ ಮೂಲವನ್ನು ತೃಷ್ಣೆಯಲ್ಲಿ ಕಂಡರು; ಬುದ್ಧನನ್ನು ಕದಲಿಸಬಂದ ಮಾರನ ಹೆಸರೇ ನಮ್ಮ ಕಾವ್ಯಗಳಲ್ಲಿ ಮನ್ಮಥನಿಗೂ ಸಂದಿತು. ಜೈನರದು ಇನ್ನೊಂದು ವಿಚಿತ್ರ: ಎಲ್ಲವನ್ನೂ ಬಿಟ್ಟು ಬತ್ತಲೆ ನಿಂತ ಬಾಹುಬಲಿಯೇ ಅವರ ಪರಂಪರೆಯಲ್ಲಿ ಮೊದಲನೆಯ ಕಾಮದೇವ.

ಸಂನ್ಯಾಸದ ದಾರಿಯೊಂದೇ ದಾರಿಯೆಂದು ಒಪ್ಪದವರು ಈ ಸಗರನಾಡಿನಲ್ಲಿಯೇ ಆಗಿಹೋದರು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ನೇಕಾರ. ಮಡದಿ ದುಗ್ಗಳೆಯೊಡನೆ ಮಗ್ಗದ ಮನೆಯಲ್ಲಿಯೇ ಶಿವನನ್ನು ಕಂಡವನು. ಸತಿಪತಿಗಳು ಕೂಡಿ ಮಾಡಿದ ಭಕ್ತಿಗೇ ಅವನ ವಚನಗಳಲ್ಲಿ ಮನ್ನಣೆ. ಒಳಗಿರುವ ಆತ್ಮಕ್ಕೆ ಗಂಡು ಹೆಣ್ಣೆಂಬ ಗುರುತಿಲ್ಲವೆಂದು ಹೇಳಿದವನೂ ಅವನೇ. ಹೆಣ್ಣು ಮಾಯೆಯಲ್ಲ, ಅವಳ ಕಡೆಗೆ ಹರಿಯುವ ಮನಸ್ಸಿನ ಆಸೆಯೇ ಮಾಯೆ ಎಂದು ಅಲ್ಲಮನು ತಪ್ಪನ್ನು ನೋಟದವನ ಹೆಗಲಿಗೇ ಹೊರಿಸಿದನು. ಈ ತೀರ್ಮಾನ ನ್ಯಾಯವಾದುದು. ಆದರೆ ಲೋಕ ಅದನ್ನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. 1209ರಲ್ಲಿ ಜನ್ನನು ಬರೆದ 'ಯಶೋಧರ ಚರಿತೆ'ಯನ್ನು ಓದುವವರು ಮಾವುತನ ಹಾಡಿಗೆ ಮನಸೋತ ಅಮೃತಮತಿಯನ್ನು ಬಯ್ಯುವುದರಲ್ಲಿಯೇ ಸಂತೋಷಪಡುತ್ತಾರೆ. ಆದರೆ ಕವಿಯು ಜನ್ಮಜನ್ಮಾಂತರಗಳಲ್ಲಿ ತೊಳಲಿಸುವುದು ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಅರಸನನ್ನು. ಜೀವವಿಲ್ಲದ ಕೋಳಿಯಾದರೂ ಕೊಲ್ಲುವ ಸಂಕಲ್ಪ ಅವನಲ್ಲಿತ್ತಲ್ಲ!

ಸಂಕಲ್ಪದ ಮಾತು ಮತ್ತೆ ಭೀಮರಾಯನ ಬಾಗಿಲಿಗೇ ಕರೆತರುತ್ತದೆ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ಸೀತೆಯನ್ನು ಅರಸುತ್ತ ರಾತ್ರಿಯ ವೇಳೆ ರಾವಣನ ಅಂತಃಪುರವನ್ನು ಹೊಗುತ್ತಾನೆ. ಪಾನಗೋಷ್ಠಿ ಮುಗಿದು ಮೈಮರೆತು ಮಲಗಿದ ನೂರಾರು ಹೆಂಗಸರು. ಜಾರಿದ ಸೆರಗು, ಚೆದರಿದ ಹಾರ. ಒಬ್ಬೊಬ್ಬರ ಮುಖವನ್ನೂ ನೋಡದೆ ವಿಧಿಯಿಲ್ಲ. ನೋಡಿದ ಮೇಲೆ ಅವನಿಗೆ ಹೆದರಿಕೆಯಾಗುತ್ತದೆ: ನಿದ್ರಿಸುತ್ತಿರುವ ಪರಸ್ತ್ರೀಯರನ್ನು ಕಂಡೆನಲ್ಲ, ಇದರಿಂದ ಧರ್ಮಲೋಪವಾಗದೆ? ಅವನು ಅಲ್ಲಿಯೇ ನಿಂತು ತನ್ನನ್ನು ತಾನು ವಿಚಾರಣೆಗೆ ಒಳಪಡಿಸಿಕೊಳ್ಳುತ್ತಾನೆ. ಕಂಡದ್ದು ನಿಜ, ಆದರೆ ಮನಸ್ಸು ಕದಲಲಿಲ್ಲ, ಇಂದ್ರಿಯಗಳನ್ನು ಒಳಿತಿಗೂ ಕೆಡುಕಿಗೂ ನಡೆಸುವುದು ಮನಸ್ಸಲ್ಲವೆ? ಅಲ್ಲದೆ, ಕಳೆದುಹೋದ ಹೆಣ್ಣನ್ನು ಹೆಂಗಸರ ನಡುವೆ ಹುಡುಕದೆ ಜಿಂಕೆಗಳ ಹಿಂಡಿನಲ್ಲಿ ಹುಡುಕಲಾದೀತೆ? ಕಪಿವೀರನ ಈ ತರ್ಕಕ್ಕೆ ಯಾರಾದರೂ ಮುಗುಳ್ನಗಬಹುದು. ಗಮನಿಸಬೇಕಾದುದು ಬೇರೆ. ಆ ಇಡೀ ವಿಚಾರಣೆಯಲ್ಲಿ ಮಲಗಿದ್ದ ಹೆಂಗಸರ ಮೇಲೆ ಅವನು ಒಂದು ಸಣ್ಣ ಆರೋಪವನ್ನೂ ಹೊರಿಸುವುದಿಲ್ಲ. ಉಡುಗೆ ಹೀಗೇಕೆ, ಕುಡಿದುದೇಕೆ ಎಂದು ಕೇಳುವುದಿಲ್ಲ. ಪ್ರಶ್ನೆಯೆಲ್ಲ ತನ್ನ ಕಣ್ಣಿಗೆ, ತನ್ನ ಮನಸ್ಸಿಗೆ.

ಮಾಧ್ವಮತದಲ್ಲಿ ಹನುಮಂತನೇ ಮುಂದೆ ಭೀಮಸೇನನಾಗಿ ಅವತರಿಸಿದನು. ಆ ಭೀಮನಿಗೆ ಎದುರಾದವನು ಕೀಚಕ. ಸೈರಂಧ್ರಿಯ ವೇಷದ ದ್ರೌಪದಿಯು ಒಲ್ಲೆನೆಂದಳು. ಒಂದಲ್ಲ, ಹಲವು ಬಾರಿ. ಕೀಚಕನು ಅವಳ ರೂಪವೇ ತನ್ನನ್ನು ಸುಡುತ್ತಿದೆಯೆಂದು ಹಲುಬಿದನು. ಕಡೆಗೆ ವಿರಾಟನ ತುಂಬಿದ ಸಭೆಯಲ್ಲಿ ಅವಳನ್ನು ಕಾಲಿನಿಂದ ಒದೆದನು. ಅರಸನು ಬಾಯಿ ಬಿಡಲಿಲ್ಲ. ಇರುಳು ನಾಟ್ಯಶಾಲೆಯಲ್ಲಿ ಭೀಮನು ಅವನನ್ನು ಮುದ್ದೆಮಾಡಿದ ಕಥೆಯನ್ನು ಬಯಲಾಟಗಳಲ್ಲಿ ಕಂಡು ಚಪ್ಪಾಳೆ ತಟ್ಟದವರಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಉಪಕೀಚಕರು ಅಣ್ಣನ ಸಾವಿಗೆ ಇವಳೇ ಕಾರಣಳೆಂದು ದ್ರೌಪದಿಯನ್ನು ಅವನ ಹೆಣದೊಡನೆ ಸುಡಲು ಹೊತ್ತೊಯ್ದರು. ಅವರಿಂದ ಭೀಮನು ಬಿಡಿಸಿ ತಂದ ಮೇಲೆ ವಿರಾಟನು ರಾಣಿಯ ಮೂಲಕ ಹೇಳಿಸಿದ್ದೇನು? ನೀನು ರೂಪವತಿ, ಗಂಡಸರ ಮನಸ್ಸು ಚಂಚಲ, ನಿನ್ನ ದಾರಿ ನೀನು ನೋಡಿಕೊ ಎಂದು! ಕೀಚಕನಿದ್ದಾಗ ತುಟಿ ತೆರೆಯದ ದೊರೆಗೆ, ಪೆಟ್ಟು ತಿಂದವಳನ್ನು ಊರು ಬಿಡಿಸುವುದಕ್ಕೆ ಮಾತು ಬಂದಿತು. ಇಂಥ ವಿರಾಟರು ಕೇರಿಗೊಬ್ಬರಂತೆ ಇಂದಿಗೂ ಇದ್ದಾರೆ. ಕೀಚಕನದನ್ನು ಕಾಮವೆನ್ನಲೂ ನಾಲಗೆ ಹಿಂಜರಿಯಬೇಕು. ಅದಕ್ಕೆ ಹಿಂಸೆಯೆಂಬ ಹೆಸರು ಸಿದ್ಧವಾಗಿಯೇ ಇದೆ. ದುರ್ದೈವದಿಂದ ನಾವು ಎರಡಕ್ಕೂ ಒಂದೇ ಮಾತನ್ನು ಬಳಸಿ, ಮನೆಯಲ್ಲಿ ಬೆಳೆಯುವ ಹುಡುಗ ಹುಡುಗಿಯರಿಗೆ ಆ ಒಂದು ಮಾತನ್ನೂ ಆಡದಂತೆ ಬಾಯಿ ಕಟ್ಟಿದ್ದೇವೆ.

ಶಿವನು ಹಣೆಗಣ್ಣಿನಿಂದ ಮನ್ಮಥನನ್ನು ಸುಟ್ಟ ಕಥೆಯಲ್ಲಿಯೂ ಸುಟ್ಟವನೇ ಮುಂದೆ ಮದುವಣಿಗನಾದನು; ಕಾಮನು ಅನಂಗನಾಗಿ, ಮೈಯಿಲ್ಲದೆ, ಉಳಿದನು. ಉತ್ತರ ಕರ್ನಾಟಕದ ಊರುಗಳಲ್ಲಿ ಹೋಳಿ ಹುಣ್ಣಿಮೆಗೆ ಈ ಕಥೆ ವರ್ಷವರ್ಷವೂ ನಡೆಯುತ್ತದೆ. ಹುಡುಗರು ಕಂಡವರ ಹಿತ್ತಿಲಿನಿಂದ ಕುಳ್ಳು, ಕಟ್ಟಿಗೆ ಕದ್ದು ತರುತ್ತಾರೆ. ಆ ಒಂದು ರಾತ್ರಿಯ ಕಳವಿಗೆ ಬೈಗುಳದ ಹೊರತು ಬೇರೆ ಶಿಕ್ಷೆಯಿಲ್ಲ. ಹಲಗೆ ಬಡಿದು ಕಾಮಣ್ಣನನ್ನು ಸುಡುತ್ತಾರೆ. ಸುಟ್ಟವರೇ ಬಾಯಿ ಬಡಿದುಕೊಂಡು ಅವನಿಗಾಗಿ ಅಳುತ್ತಾರೆ. ಬಳಿಕ ಆ ಕೆಂಡವನ್ನು ಮನೆಗೆ ಒಯ್ದು ಒಲೆ ಹೊತ್ತಿಸುವ, ಕಡಲೆ ಹುರಿಯುವ ವಾಡಿಕೆಯೂ ಉಂಟು. ಬಿಸಿ ಕಡಲೆಯನ್ನು ಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ಮರುದಿನದ ಬಣ್ಣದಾಟಕ್ಕೆ ಓಡುತ್ತವೆ.