ಊರಿಗೆ ಉಪಕಾರಿ, ಮನೆಗೆ?

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದು. ಯಾವನೋ ಸಮಾಜಸೇವಕನ ಹೆಂಡತಿಯೇ ಆಡಿರಬೇಕೆಂದು ನಮ್ಮ ಊಹೆ! ನಮ್ಮಂಥ ಕಚೇರಿಯ ಗುಮಾಸ್ತರಿಗೆ ಈ ಮಾತು ಅಷ್ಟಾಗಿ ತಗಲುವುದಿಲ್ಲ. ಸಂಜೆಯಾಯಿತೆಂದರೆ ಕಡತ ಕಟ್ಟಿಟ್ಟು, ಹಾರ್ಬರ್ ಲೈನಿನ ಗಾಡಿ ಹಿಡಿದು, ಆಂಟಾಪ್ ಹಿಲ್ಲಿನ ಸರಕಾರಿ ವಸತಿಗೆ ಬಂದು ಮುಟ್ಟಿದರೆ ಅಲ್ಲಿಗೆ ನಮ್ಮ ಸೇವೆ ಮುಗಿಯಿತು. ಆದರೆ ಸೇವೆಯನ್ನೇ ಬಾಳಾಗಿ ಮಾಡಿಕೊಂಡವರ ಗತಿಯೇನು? ಕ್ರೈಸ್ತ ಸಭೆಯ ಪಾದ್ರಿಗಳನ್ನೇ ನೋಡಿರಿ. ನಮಗೆಲ್ಲ ಬಿಡುವಾದ ಭಾನುವಾರವೇ ಅವರಿಗೆ ದುಡಿಮೆಯ ದಿನ. ನಾವು ಹೆಂಡಿರು ಮಕ್ಕಳೊಡನೆ ಹಬ್ಬದ ಊಟಕ್ಕೆ ಕೂರುವಾಗ ಅವರು ಪರರ ಮನೆಯ ಸುಖದುಃಖಗಳಲ್ಲಿ ನಿಂತಿರುತ್ತಾರೆ.

ಕನ್ನಡಿಗರಾದ ನಮಗೆ ಈ ವಿಷಯ ದೂರದ್ದಲ್ಲ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಕಾಲಿಟ್ಟಂದಿನಿಂದ ಬಾಸೆಲ್ ಮಿಶನ್ನಿನವರು ನಮ್ಮ ನುಡಿಗೆ ಮಾಡಿದ ಉಪಕಾರವನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಉಪಕಾರದ ಬೆಲೆಯನ್ನು ಯಾರ ಮನೆ ತೆತ್ತಿತೆಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ.

ಸಾಮುವೆಲ್ ಹೆಬಿಕ್ ಕೊನೆಯವರೆಗೂ ಮದುವೆಯಾಗಲಿಲ್ಲ. ಅವರ ಮಟ್ಟಿಗೆ ಪ್ರಶ್ನೆಯೇ ಏಳಲಿಲ್ಲ. ಉಳಿದವರಿಗೆ ನಿಯಮಗಳಿದ್ದವು. ಬಂದೊಡನೆ ಮದುವೆಯಾಗುವಂತಿಲ್ಲ, ಕೆಲವು ವರ್ಷ ಸೇವೆ ಮಾಡಿ, ಬಾಸೆಲ್ಲಿನ ಸಮಿತಿಯ ಅಪ್ಪಣೆ ಪಡೆಯಬೇಕು. ವಧುವೂ ಸಮಿತಿಗೆ ಒಪ್ಪಿಗೆಯಾಗಬೇಕು. ಎಷ್ಟೋ ಹೆಣ್ಣುಮಕ್ಕಳು ವರನನ್ನು ಸರಿಯಾಗಿ ಅರಿಯದೆಯೇ ಹಡಗು ಹತ್ತಿ ಬಂದರು. ಅದಕ್ಕಿಂತ ಕಠಿಣವಾದುದು ಮಕ್ಕಳ ವಿಷಯ. ಇಲ್ಲಿನ ಹವೆ, ರೋಗರುಜಿನ, ವಿದ್ಯಾಭ್ಯಾಸ, ಸುತ್ತಣ ಸಂಸ್ಕಾರದ ಭಯ, ಹೀಗೆ ನಾನಾ ಕಾರಣಗಳಿಂದ ಆರೇಳು ವರ್ಷ ತುಂಬುವ ಹೊತ್ತಿಗೆ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅವರಿಗಾಗಿ ಬಾಸೆಲ್ಲಿನಲ್ಲಿ ನಿಲಯಗಳೇ ಇದ್ದವು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಒಂದು ಕಾಗದಕ್ಕೆ ಮರುಕಾಗದ ಬರುವಷ್ಟರಲ್ಲಿ ಮಗುವಿನ ಅಂಗಿ ಗಿಡ್ಡವಾಗಿರುತ್ತಿತ್ತು.

ಒಂದೇ ಮನೆತನದ ಕಥೆ ಕೇಳಿರಿ. ಮಲಯಾಳ ಭಾಷೆಗೆ ನಿಘಂಟು ಬರೆದ ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಹಿಂದಿರುಗಿದರು. ಆಕೆ ಮತ್ತೆ ಭಾರತಕ್ಕೆ ಬಂದುದು 1857ರಲ್ಲಿ, ಹದಿನೈದು ವರ್ಷದ ತರುಣಿಯಾಗಿ. ಮುಂದೆ ಆಕೆ, ಮಂಗಳೂರಿನಲ್ಲಿ ಸೇವೆ ಮಾಡಿ ಹೋಗಿದ್ದ ಯೊಹಾನೆಸ್ ಹೆಸ್ಸೆಯವರನ್ನು ಮದುವೆಯಾದರು. ಅವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹೆರ್ಮನ್ ಹೆಸ್ಸೆ. ಈ ತುಂಟ ಹುಡುಗನನ್ನು ತಂದೆ ತಾಯಿ 1884ರಲ್ಲಿ ಕೆಲವು ತಿಂಗಳು ಮಿಶನ್ನಿನ ಬಾಲಕರ ನಿಲಯದಲ್ಲಿ ಇರಿಸಿದರು. ಮನೆಯಿದ್ದುದು ಅದೇ ಬಾಸೆಲ್ ಊರಿನಲ್ಲಿ! ಹುಡುಗ ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ತಾಯಿ ಉಂಡ ಕಹಿಯನ್ನು ಮಗನೂ ಉಣ್ಣಬೇಕಾಯಿತಲ್ಲ ಎಂದು ನಮಗೆ ಮರುಕವಾಗುತ್ತದೆ.

ಫರ್ಡಿನಂಡ್ ಕಿಟ್ಟೆಲ್ಲರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. 1853ರಲ್ಲಿ ಬಂದ ಇವರು 1860ರಲ್ಲಿ ಪೌಲೀನ್ ಎಂಬಾಕೆಯನ್ನು ವರಿಸಿದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಬಳಿಕ ಆಕೆಯ ಸಹೋದರಿ ಜೂಲಿಯೇ ಆ ಮನೆಯ ದೀಪವನ್ನು ಕಾಯ್ದರು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮುಖಪುಟದಲ್ಲಿರುವುದು ಒಂದೇ ಹೆಸರು. ಆ ಅಕ್ಷರಗಳ ಹಿಂದೆ ಸಂಸಾರ ನಡೆಸಿದ ಆ ಇಬ್ಬರು ತಾಯಂದಿರಿಗೂ ನಿಘಂಟು ತೆರೆದಾಗ ಒಮ್ಮೆ ಕೈ ಮುಗಿಯೋಣವೆ?

ಇನ್ನು ಹೆರ್ಮನ್ ಮೋಗ್ಲಿಂಗರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದವರು. ಬಹುಕಾಲ ಒಂಟಿಯಾಗಿದ್ದು, 1855ರಲ್ಲಿ ತೀರಿಕೊಂಡ ತಮ್ಮ ಬಂಧು ವೀಗ್ಲೆಯವರ ವಿಧವೆ ಪೌಲೀನರನ್ನು ಆಮೇಲೆ ಮದುವೆಯಾದರು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿತು. ಆಗ ಅವರು ಭಾರತವನ್ನೇ ಬಿಟ್ಟು ಹೊರಟರು. ಕೊಡಗಿನ ಕೆಲಸ ಕೈಯಲ್ಲಿತ್ತು. ಕನ್ನಡದ ಮೇಲಣ ಪ್ರೀತಿಯೂ ಇತ್ತು. ಆದರೂ ಹೊರಟರು. ಇದರಿಂದ ಅವರ ಕೀರ್ತಿಗೇನಾದರೂ ಕುಂದು ಬಂತೆ? ಇಂದಿಗೂ ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ.

ಇಂದು ಹಡಗಿಲ್ಲ, ಬಾಸೆಲ್ಲಿನ ನಿಲಯವೂ ಬೇಕಿಲ್ಲ. ಆದರೆ ತೊಡಕು ಬೇರೆ ರೂಪದಲ್ಲಿ ಉಳಿದಿದೆ. ಪಾದ್ರಿಯ ಮನೆ ಸಭೆಯದು. ನಮ್ಮ ಸರಕಾರಿ ವಸತಿಯಂತೆ, ವರ್ಗವಾದರೂ ನಿವೃತ್ತಿಯಾದರೂ ಬಿಟ್ಟುಕೊಡಲೇಬೇಕು. ಗಂಡನಿಗೆ ಸಿಕ್ಕುವ ಒಂದೇ ಸಂಬಳಕ್ಕೆ ಹೆಂಡತಿಯೂ ಮಹಿಳಾ ಕೂಟ, ಮಕ್ಕಳ ಭಾನುವಾರದ ಶಾಲೆ, ಬಂದುಹೋಗುವವರ ಕಾಫಿ ತಿಂಡಿ ಎಂದು ದುಡಿಯುತ್ತಾರೆ. ಪಾದ್ರಿಯ ಮಕ್ಕಳು ತುಸು ಗಲಾಟೆ ಮಾಡಿದರೂ ಊರೆಲ್ಲ ಸುದ್ದಿ! ಇದೂ ಸಾಲದೆಂದು ಈಗ ಕಿಸೆಯಲ್ಲೇ ಫೋನು; ಊಟದ ನಡುವೆಯೂ ಕರೆ ಬರುತ್ತದೆ.

ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಸಭೆಯ ಹಿರಿಯನಾಗುವವನು ಮೊದಲು ತನ್ನ ಮನೆಯನ್ನು ಸರಿಯಾಗಿ ನಡೆಸುವವನಾಗಿರಬೇಕೆಂಬ ವಿಧಿಯುಂಟು. ನಮ್ಮ ಹಿರಿಯರು ಇದನ್ನೇ ‘ಮನೆ ಗೆದ್ದು ಮಾರು ಗೆಲ್ಲು’ ಎಂದರು. ಆದರೆ ಮನೆ ಗೆಲ್ಲಲು ಸಮಯ ಬೇಕಷ್ಟೆ? ಆ ಸಮಯ ಕೊಡಬೇಕಾದವರು ಸಭೆಯವರು. ವಾರಕ್ಕೊಂದು ದಿನ ಪಾದ್ರಿಯ ಬಾಗಿಲು ತಟ್ಟದಿರುವುದು, ಶಾಲೆಯ ವರ್ಷದ ನಡುವೆ ವರ್ಗ ಮಾಡದಿರುವುದು, ಆ ತಾಯಿಯ ದುಡಿಮೆಯನ್ನು ದುಡಿಮೆಯೆಂದು ಒಪ್ಪುವುದು: ಇವು ಹಣ ಬೇಡುವ ಸುಧಾರಣೆಗಳಲ್ಲ, ಮನಸ್ಸು ಬೇಡುವವು.

ಇದು ಕ್ರೈಸ್ತ ಬಾಂಧವರಿಗೆ ಮಾತ್ರ ಹೇಳಿದ ಮಾತೆಂದು ಯಾರೂ ತಿಳಿಯಬಾರದು. ಕನ್ನಡ ಸಂಘಗಳ ಕಾರ್ಯದರ್ಶಿಗಳೂ ನಮ್ಮ ನಡುವೆ ಇದ್ದಾರೆ. ನವೆಂಬರ್ ಬಂತೆಂದರೆ ಅವರಿಗೆ ಮನೆಯ ದಾರಿಯೇ ಮರೆಯುತ್ತದೆ. ನಾಟಕದ ತಾಲೀಮು, ಚಂದಾ ವಸೂಲಿ, ಕುರ್ಚಿ ಬಾಡಿಗೆ, ಎಲ್ಲವೂ ಅವರ ತಲೆಯ ಮೇಲೆ. ಅವರ ಮಗುವಿನ ಲೆಕ್ಕದ ಪುಸ್ತಕ ನೋಡುವವರು ಯಾರು? ನಾವು ನಾಲ್ವರು ಒಂದೊಂದು ಭಾನುವಾರ ಆ ಹೊರೆಗೆ ಹೆಗಲು ಕೊಟ್ಟರೆ ಅವರೂ ಮೂರು ಭಾನುವಾರ ಮನೆಯಲ್ಲಿದ್ದಾರು. ಗಾದೆಯನ್ನು ಸುಳ್ಳಾಗಿಸುವುದು ಸೇವಕನೊಬ್ಬನಿಂದಾಗದು. ಸೇವೆ ಪಡೆಯುವ ಊರೂ ಕೈ ಜೋಡಿಸಬೇಕು.