ಇಲಿಗೆ ಇಟ್ಟ ಪಾಷಾಣ ಬೆಕ್ಕು, ನಾಯಿ ತಿಂದರೆ?

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ರಾಗಿ, ಜೋಳದ ಮೂಟೆಗಳು ಮನೆ ಸೇರುತ್ತವೆ. ಅವುಗಳ ಹಿಂದೆಯೇ ಇಲಿಗಳೂ ಬರುತ್ತವೆ. ಆಗ ಮೂಲೆಯಲ್ಲಿ ಪಾಷಾಣ ಇಡುವುದನ್ನು ನೀವು ನೋಡಿರಬಹುದು. ಅದು ಇಲಿಯ ಪಾಲು ಎಂದು ನಿಮ್ಮ ಬೆಕ್ಕಿಗೆ, ನಾಯಿಗೆ ಹೇಗೆ ಗೊತ್ತಾಗಬೇಕು?

ಪಾಷಾಣದಲ್ಲಿ ಬೇರೆ ಬೇರೆ ಬಗೆಗಳಿವೆ. ಬೂದುಗಪ್ಪು ಪುಡಿಯ ಹೆಸರು ಜಿಂಕ್ ಫಾಸ್ಫೈಡ್. ಜಠರದ ಆಮ್ಲ ಸೇರಿದೊಡನೆ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ಏದುಸಿರು ಶುರುವಾಗುತ್ತವೆ.

ಬಣ್ಣದ ಬಿಲ್ಲೆಯಾಗಿ ಸಿಗುವ ಬ್ರೋಮಾಡಿಯೋಲೋನ್ ಹಾಗಲ್ಲ, ಅದು ಮೋಸಗಾರ ವಿಷ. ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕಾದರೆ ಕೆ ಜೀವಸತ್ವ ಬೇಕು. ಒಮ್ಮೆ ಬಳಸಿದ ಕೆ ಜೀವಸತ್ವವನ್ನು ದೇಹ ಸರಿಪಡಿಸಿಕೊಂಡು ಮತ್ತೆ ಬಳಸುತ್ತದೆ. ಈ ವಿಷ ಆ ರಿಪೇರಿಯನ್ನೇ ನಿಲ್ಲಿಸುತ್ತದೆ! ರಕ್ತದಲ್ಲಿ ಮೊದಲೇ ಇದ್ದ ಹೆಪ್ಪುಗಟ್ಟಿಸುವ ವಸ್ತು ಮುಗಿಯುವ ತನಕ, ಅಂದರೆ ಸುಮಾರು 2-3 ದಿನ, ನಾಯಿ ಆಟವಾಡಿಕೊಂಡೇ ಇರುತ್ತದೆ. ಆಮೇಲೆ ವಸಡು, ಮೂಗಿನಿಂದ ರಕ್ತ ಸೋರಬಹುದು. ಕೆಲವೊಮ್ಮೆ ಒಳಗೇ ಸೋರುತ್ತದೆ, ಹೊರಗೆ ಕಾಣುವುದು ಬರೀ ಸುಸ್ತು. ಇದಕ್ಕೆ ಪಶುವೈದ್ಯರ ಬಳಿ ಮದ್ದಿದೆ: ಅದೇ ಕೆ ಜೀವಸತ್ವ. ಜಿಂಕ್ ಫಾಸ್ಫೈಡ್‌ಗೆ ಅಂಥ ಪ್ರತಿವಿಷ ಇಲ್ಲ. ತಿಂದದ್ದು ಯಾವುದೆಂದು ತಿಳಿಯಲು ಪಾಷಾಣದ ಪೊಟ್ಟಣವನ್ನು ಎತ್ತಿಡಬೇಕು.

ಪಾಷಾಣ ತಿಂದು ಸತ್ತ ಇಲಿಯೊಳಗೂ ವಿಷ ಇರುತ್ತದೆ. ಮಾಂಸದಲ್ಲಿರುವ ವಿಷ ತಿಂದವರನ್ನೆಲ್ಲ ಹಿಡಿಯುತ್ತದೆ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ, ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿ ಹುಲಿಯ ಜೊತೆ ಅದರ 4 ಮರಿಗಳೂ ಸತ್ತವು. ಸತ್ತ ಇಲಿಯನ್ನು ನೀವು ಮುಟ್ಟಬೇಡಿ, ಆಳವಾಗಿ ಹೂಳುವಂತೆ ದೊಡ್ಡವರಿಗೆ ಹೇಳಿ. ಬೆಕ್ಕು ಇರುವ ಮನೆಗೆ ಪಾಷಾಣಕ್ಕಿಂತ ಇಲಿಬೋನೇ ಮೇಲು.

ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯ ಮೇಲೂ ಕಣ್ಣಿಡಿ. ಅದನ್ನು ನಿರಪಾಯಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ನಮ್ಮ ಜ್ವರ ಇಳಿಸುವ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಪ್ರಾಣಿ ವಿಷ ತಿಂದಿತೆಂದು ಅನುಮಾನ ಬಂದರೆ ಉಪ್ಪುನೀರು, ಹಾಲು, ಎಣ್ಣೆ ಯಾವುದನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿಯ ಹತ್ತಿರ ಮೂಗು ಒಯ್ಯಬೇಡಿ, ಫಾಸ್ಫೀನ್ ನಿಮಗೂ ವಿಷವೇ. ನರಳುವ ನಾಯಿ ಕಚ್ಚಲೂಬಹುದು. ದೊಡ್ಡವರನ್ನು ಕರೆಯಿರಿ. ಅವರು ಪ್ರಾಣಿಯನ್ನು ಪಶು ಆಸ್ಪತ್ರೆಗೆ ಒಯ್ಯಲಿ, ಇಲ್ಲವೇ 1962ಕ್ಕೆ ಫೋನ್ ಮಾಡಲಿ. ಏನು ತಿಂದಿತು, ಎಷ್ಟು, ಯಾವಾಗ ಎಂದು ವೈದ್ಯರು ಮೊದಲು ಕೇಳುತ್ತಾರೆ.