ತೊಟ್ಟಿಯ ತಳದ ಮೀನಿಗೂ ಊಟ ಬೇಕು
ಮುಂಬಯಿಯ ಪುಟ್ಟ ಫ್ಲ್ಯಾಟುಗಳಲ್ಲಿ ನಾಯಿ ಸಾಕುವುದು ಕಷ್ಟವೆಂದು ಮೀನಿನ ತೊಟ್ಟಿ ಇಟ್ಟುಕೊಂಡ ಕನ್ನಡಿಗರು ಅನೇಕರಿದ್ದಾರೆ. ಗಪ್ಪಿ, ಟೆಟ್ರಾಗಳ ಜತೆ ಕೋರಿಡೋರಸ್ ಮೀನನ್ನೂ 'ಕಸ ತಿಂದು ತೊಟ್ಟಿ ಸ್ವಚ್ಛವಿಡುತ್ತದೆ' ಎಂದು ಅಂಗಡಿಯವರು ಕೊಡುವುದುಂಟು. ಆ ಮಾತನ್ನೇ ನಂಬಿದರೆ ದಕ್ಷಿಣ ಅಮೆರಿಕ ಮೂಲದ ಈ ಬಡಪಾಯಿಗೆ ಉಪವಾಸವೇ ಗತಿ. ಬಾಯಿ ಕೆಳಮುಖವಾಗಿರುವ ಇದು ಮೀಸೆಯಿಂದ ಮರಳು ತಡಕಿ ತಿನ್ನುವ ಮೀನು. ಇತರ ಮೀನುಗಳ ಮಲವನ್ನಂತೂ ತಿನ್ನುವುದಿಲ್ಲ. ತೇಲುವ ಆಹಾರ ತಳ ಸೇರುವ ಮೊದಲೇ ಮೇಲಿನವುಗಳ ಪಾಲಾಗುತ್ತದೆ. ಆದ್ದರಿಂದ ರಾತ್ರಿ ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕಬೇಕು. ಬೆಳಿಗ್ಗೆ ಉಳಿದದ್ದನ್ನು ತೆಗೆಯದಿದ್ದರೆ ನೀರು ಕೆಡುತ್ತದೆ. ಪ್ಲೆಕೋ ಇದ್ದರೆ ಸೌತೆಕಾಯಿಯ ಹೋಳೂ ಇರಲಿ. ಕೋರಿಡೋರಸ್ ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗುವುದು ಹಸಿವಿನಿಂದಲ್ಲ, ಅದರ ಸ್ವಭಾವ. ಹೊಟ್ಟೆ ಒಳಸೇರಿದ್ದರೆ ಮಾತ್ರ ಊಟ ಸಾಲುತ್ತಿಲ್ಲವೇನೋ ಎಂದು ಮೊದಲು ನೋಡಿ.